ಟೀಚರ ಕಪಾಟಿನಲ್ಲಿದ್ದ ಊರಿನ ನಕ್ಷೆ

ಗೋವೆಯ ಮಡಗಾಂವದ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಬಾಡಿಗೆಗೆ ಬಂದು ಹನ್ನೆರಡು ವರ್ಷವಾಯಿತು. ಕಳೆದ ತಿಂಗಳು ಒಂದು ರವಿವಾರ ಮುಂಜಾನೆ, ಗ್ರಾಮಸಭೆಗೆ ಹೊರಟಿದ್ದ ಮನೆಯೊಡತಿ ನನ್ನನ್ನು ಒಳಗೆ ಕರೆದರು. ಅವರು ನಿವೃತ್ತ ಶಿಕ್ಷಕಿ. ಊರೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತದೆ. ಕಪಾಟಿನಿಂದ ಸುರುಳಿ ಸುತ್ತಿದ ದೊಡ್ಡ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಹಾಸಿ, ಮೂಲೆಗಳು ಮಡಚದಂತೆ ಪುಸ್ತಕಗಳನ್ನಿಟ್ಟು, ಒಂದು ಸರ್ವೆ ನಂಬರಿನ ಮೇಲೆ ಬೆರಳಿಟ್ಟರು. "ಮಳೆಗಾಲಕ್ಕೆ ಮುಂಚೆ ಲಾರಿಗಳಲ್ಲಿ ಮಣ್ಣು ತಂದು ಸುರಿದರಲ್ಲ, ಆ ಗದ್ದೆ ಇದೇ ತಾನೆ? ನೀವು ಕೆಲಸಕ್ಕೆ ಹೋಗುವ ದಾರಿಯಲ್ಲೇ ಇದೆ, ಸರಿಯಾಗಿ ನೋಡಿ ಹೇಳಿ" ಎಂದರು. ಅದೇ ಗದ್ದೆ. ಅವರು ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಸಭೆಯಲ್ಲಿ ಎದ್ದು ನಿಂತು, ಅದು ಪರಿಸರಸೂಕ್ಷ್ಮವೆಂದು ಗುರುತಿಸಿದ ಇಕೋ-1 ವಲಯದಲ್ಲಿದೆ, ಅಲ್ಲಿ ಮಣ್ಣು ತುಂಬಲು ಅನುಮತಿ ಕೊಟ್ಟವರು ಯಾರು ಎಂದು ಸರಪಂಚರನ್ನು ಕೇಳಿದರು.

ಅದೇ ದಿನ ರಾತ್ರಿ ಕರ್ನಾಟಕದ ನಮ್ಮೂರಿನಿಂದ ಅಣ್ಣನ ಫೋನು ಬಂತು. ಮಗನಿಗೆ ಮನೆ ಕಟ್ಟಿಸಬೇಕೆಂದು, ರಸ್ತೆಗೆ ಹತ್ತಿದ ಹೊಲದಲ್ಲಿ ಹತ್ತು ಗುಂಟೆಯನ್ನು ಎನ್‌ಎ, ಅಂದರೆ ಕೃಷಿಯೇತರ ಭೂಮಿ, ಮಾಡಿಸಲು ಅವನು ಅರ್ಜಿ ಹಾಕಲು ಹೋಗಿದ್ದ. ನಿಮ್ಮ ಹೊಲದ ಆ ಮಗ್ಗುಲು ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನಿನಲ್ಲಿ) ವರ್ತುಲ ರಸ್ತೆಗೆ ಹೋಗಿದೆ, ಉಳಿದದ್ದು ಹಸಿರು ವಲಯದಲ್ಲಿದೆ ಎಂದು ಕಚೇರಿಯಲ್ಲಿ ಹೇಳಿ ಕಳಿಸಿದರಂತೆ. ಆಕ್ಷೇಪಣೆ ಸಲ್ಲಿಸುವ ಅರವತ್ತು ದಿನಗಳ ಅವಧಿ ಮುಗಿದು ಎರಡು ವರ್ಷವಾಗಿತ್ತು. "ಪೇಪರಿನ್ಯಾಗ ಹಾಕಿದ್ವಿ ಅಂತಾರ ತಮ್ಮಾ, ನಮ್ಮೂರಿಗೆ ಆ ಪೇಪರ ಬರೂದಿಲ್ಲ" ಎಂದ ಅಣ್ಣನಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ.

ಟೀಚರ ಕಪಾಟಿಗೆ ಆ ನಕ್ಷೆ ಸುಮ್ಮನೆ ಬಂದುದಲ್ಲ. 2006ರಲ್ಲಿ ಗೋವಾ ಸರಕಾರ ಹೊರಡಿಸಿದ ಪ್ರಾದೇಶಿಕ ಯೋಜನೆಯಲ್ಲಿ ಗುಡ್ಡ, ಗದ್ದೆ, ತೋಟಗಳೆಲ್ಲ ಕಟ್ಟಡದ ವಲಯಗಳಾಗಿ ಬಣ್ಣ ಬದಲಿಸಿದ್ದನ್ನು ಕಂಡ ಜನ ಬೀದಿಗಿಳಿದರು; ಗೋವಾ ಬಚಾವೋ ಅಭಿಯಾನ ಎದ್ದಿತು; ಮರುವರ್ಷದ ಆರಂಭದಲ್ಲೇ ಸರಕಾರ ಆ ಯೋಜನೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಮುಂದೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರಿದ್ದ ಕಾರ್ಯಪಡೆ 2021ರವರೆಗಿನ ಯೋಜನೆಯ ಕರಡು ಸಿದ್ಧಪಡಿಸಿದಾಗ, ಇಡೀ ರಾಜ್ಯದ ಒಂದು ನಕ್ಷೆಯ ಜೊತೆಗೆ ಹಳ್ಳಿ ಹಳ್ಳಿಗೂ ಬೇರೆ ಬೇರೆ ಹಾಳೆಗಳು ಪಂಚಾಯತಿಗಳಿಗೆ ಹೋದವು. ಟೀಚರ್ ಮತ್ತು ನೆರೆಯ ನಾಲ್ಕಾರು ಜನ ಅದನ್ನು ಹಿಡಿದು ಊರೆಲ್ಲ ನಡೆದು, ಹಾಳೆಯಲ್ಲಿ ಬಿಟ್ಟುಹೋಗಿದ್ದ ಎರಡು ತೊರೆಗಳನ್ನೂ ಒಂದು ಬುಗ್ಗೆಯನ್ನೂ ಪೆನ್ಸಿಲಿನಿಂದ ಗುರುತಿಸಿ ಕಳಿಸಿದ್ದರಂತೆ. ಆ ಪೆನ್ಸಿಲಿನ ಗೆರೆಗಳು ಅವರ ಪ್ರತಿಯಲ್ಲಿ ಇನ್ನೂ ಇವೆ.

ಇಲ್ಲಿಯ ಖಜಾನ ಭೂಮಿ ಕುಮಟೆಯ ಕಡೆಯವರಿಗೆ ಗೊತ್ತಿರುವ ಗಜನಿಯೇ. ಉಬ್ಬರದ ಉಪ್ಪುನೀರನ್ನು ಕಟ್ಟೆ ಹಾಕಿ ತಡೆದು, ಬಾಗಿಲಿಟ್ಟು, ನೀರನ್ನು ಬೇಕಾದಾಗ ಬಿಟ್ಟು ಬೇಡವಾದಾಗ ಹಿಡಿದು ಬೆಳೆವ ಗದ್ದೆಗಳವು. ಅಲ್ಲಿ ಒಬ್ಬ ತನ್ನ ಪಾಲಿನ ಗದ್ದೆಗೆ ಮಣ್ಣು ತುಂಬಿದರೆ, ನೀರು ಪಕ್ಕದವನ ಗದ್ದೆಗೋ ಊರಿನ ಅಂಗಳಕ್ಕೋ ನುಗ್ಗುತ್ತದೆ. ಆದುದರಿಂದ ಉತಾರದಲ್ಲಿ ಯಾರ ಹೆಸರಿದೆ ಎಂಬುದಷ್ಟೇ ಅಲ್ಲಿ ಸಾಲದು; ಆ ನೆಲ ಏನು ಕೆಲಸ ಮಾಡುತ್ತಿದೆ ಎಂಬುದೂ ಗೊತ್ತಿರಬೇಕಾಗುತ್ತದೆ. ನಕ್ಷೆಯಲ್ಲಿ ಗದ್ದೆ, ಖಜಾನ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಕಡಿದಾದ ಇಳಿಜಾರು ಇವೆಲ್ಲ ಇಕೋ-1ರಲ್ಲಿ ಬರುತ್ತವೆ. ನಮ್ಮ ಎರೆ ನೆಲದಲ್ಲಿಯೂ ಹೀಗೆಯೇ ಅಲ್ಲವೆ? ಹಳ್ಳದ ದಂಡೆ, ಕೆರೆಗೆ ನೀರು ಬರುವ ಕಾಲುವೆ, ದನ ಮೇಯುವ ಗಾಯರಾಣ, ಬದುವಿನ ಸಾಲು ಮುಚ್ಚಿಹೋದರೆ ಕೆಳಗಿನ ಹೊಲದವನು ಮಳೆಗಾಲದಲ್ಲಿ ಅದನ್ನು ಅನುಭವಿಸುತ್ತಾನೆ. ಅದನ್ನು ಹೇಳಬಲ್ಲ ಮುದುಕರು ನಮ್ಮೂರಲ್ಲಿ ಇನ್ನೂ ಇದ್ದಾರೆ. ಅವರ ಮುಂದೆ ನಕ್ಷೆ ಹಾಸಿದವರು ಇಲ್ಲ.

ಇದು ನನ್ನನ್ನು ಹೆಚ್ಚು ನೋಯಿಸುವುದು ನಮ್ಮಲ್ಲಿ ಸಾಧನಗಳಿಗೆ ಕೊರತೆಯಿಲ್ಲದಿರುವುದರಿಂದ. ಭೂಮಿ ಯೋಜನೆಯಿಂದಾಗಿ ಪಹಣಿ ಕನ್ನಡದಲ್ಲಿ ಕ್ಷಣದಲ್ಲಿ ಸಿಗುತ್ತದೆ. ಹೊಲದ ನಡುವೆ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ಕಾಲ ಕೆಳಗಿನ ಸರ್ವೆ ನಂಬರು ಕಾಣುತ್ತದೆ. ಗ್ರಾಮನಕ್ಷೆಯನ್ನು ಕಂದಾಯ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಆದರೆ ಇವನ್ನೆಲ್ಲ ನಾವು ಬಳಸುವುದು ಕೊಳ್ಳುವಾಗ, ಮಾರುವಾಗ, ಹಿಸ್ಸೆ ಮಾಡಿಕೊಳ್ಳುವಾಗ. ಊರು ಮುಂದೆ ಹೇಗಿರಬೇಕೆಂದು ಕೂಡಿ ಕುಳಿತು ಮಾತನಾಡುವುದಕ್ಕೆ ಯಾರೂ ತೆಗೆಯುವುದಿಲ್ಲ. ಮಹಾಯೋಜನೆಯೋ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಯೋಜನಾ ಪ್ರಾಧಿಕಾರದಲ್ಲಿ ತಯಾರಾಗುತ್ತದೆ. ನಮ್ಮೂರ ಗ್ರಾಮಸಭೆಯಲ್ಲಿ ಆಶ್ರಯ ಮನೆ ಮತ್ತು ಬೀದಿದೀಪದ ಮಾತು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ.

ಗೋವೆಯಲ್ಲಿ ಎಲ್ಲವೂ ನೆಟ್ಟಗಿದೆ ಎಂದು ನಾನು ಹೇಳಿದರೆ ಟೀಚರೇ ಒಪ್ಪುವುದಿಲ್ಲ. 2023ರಲ್ಲಿ ಇಲ್ಲಿಯ ಯೋಜನಾ ಕಾಯ್ದೆಗೆ 17(2) ಎಂಬ ಉಪಕಲಮನ್ನು ಸೇರಿಸಿ, ಯೋಜನೆಯಲ್ಲಿಯ ತಪ್ಪುಗಳನ್ನು ತಿದ್ದುವ ಹೆಸರಿನಲ್ಲಿ ಒಂದೊಂದೇ ಜಾಗದ ವಲಯವನ್ನು ಬದಲಿಸುವ ದಾರಿ ತೆರೆಯಲಾಯಿತು. 2025ರ ಮಾರ್ಚಿನಲ್ಲಿ ಹೈಕೋರ್ಟು ಆ ನಿಯಮಗಳನ್ನು ರದ್ದುಮಾಡುವವರೆಗೆ ಅವರು ಪತ್ರಿಕೆಯ ಪ್ರಕಟಣೆಗಳನ್ನು ದಿನವೂ ಹುಡುಕಿ ಓದುತ್ತಿದ್ದರು. ನಕ್ಷೆಯ ಮೇಲಿನ ಬರಹವೆಲ್ಲ ಇಂಗ್ಲಿಷಿನಲ್ಲಿದೆ. ಕೊಂಕಣಿ ಮಾತ್ರ ಬಲ್ಲ ಗದ್ದೆಯವರಿಗೆ ಟೀಚರ್ ಓದಿ ಹೇಳಬೇಕು. ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ ಇನ್ನೊಂದು ಮಾತಿದೆ. ಗ್ರಾಮಸಭೆಯಲ್ಲಿ ಮಾತಾಡುವ ಹಕ್ಕು ಊರಿನ ಮತದಾರರದು. ನನ್ನ ಮತ ಇನ್ನೂ ಕರ್ನಾಟಕದ ನಮ್ಮೂರಿನಲ್ಲಿದೆ. ನಾನು ಹಿಂದೆ ನಿಂತು ಕೇಳಿದೆ. ಆ ಗದ್ದೆಗೆ ಮಣ್ಣು ಹೊತ್ತವರು ಬಾಗಲಕೋಟೆಯ ಕಡೆಯಿಂದ ಬಂದ ನಮ್ಮವರೇ. ಅವರ ತಗಡಿನ ಮನೆಗಳು ಯಾವ ವಲಯದಲ್ಲಿಯೂ ಗುರುತಾಗಿಲ್ಲ, ಅವರನ್ನು ಯಾರೂ ಸಭೆಗೆ ಕರೆದೂ ಇಲ್ಲ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಹೋಗುತ್ತೇನೆ. ನಮ್ಮ ಗ್ರಾಮನಕ್ಷೆಯನ್ನು ಮಡಗಾಂವದಲ್ಲಿಯೇ ದೊಡ್ಡದಾಗಿ ಮುದ್ರಿಸಿಕೊಂಡಿದ್ದೇನೆ; ಮಹಾಯೋಜನೆಯ ಹಾಳೆಯ ಪ್ರತಿಗೆ ಅಣ್ಣ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಟ್ಟಿದ್ದಾನೆ. ಎರಡನ್ನೂ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹಾಸುವುದೆಂದು ಮಾತಾಗಿದೆ. ಯಾರು ಬರುತ್ತಾರೆಂದು ಅಣ್ಣನನ್ನು ಕೇಳಿದಾಗ, ರಸ್ತೆಯ ಗೆರೆ ಯಾರ ಯಾರ ಹೊಲದಲ್ಲಿ ಹಾದಿದೆಯೋ ಅವರೆಲ್ಲ ಬರುತ್ತಾರೆ, ಉಳಿದವರನ್ನು ನಾನು ಮನೆಗೆ ಹೋಗಿ ಕರೆಯುತ್ತೇನೆ ಎಂದ.