ಸ್ಪಷ್ಟನೆ: ಬೆಂಕಿ ಬಿದ್ದರೆ ಮಣ್ಣು ಫಲವತ್ತಾಗುತ್ತದೆಯೇ?

‘ಕಾಡಿಗೆ ಬೆಂಕಿ ಬಿದ್ದರೆ ಒಳ್ಳೆಯದೇ, ಬೂದಿಯೇ ಗೊಬ್ಬರ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಅರ್ಧ ಸತ್ಯ. ಅದನ್ನೇ ನಂಬಿ ಯಾರಾದರೂ ಕಡ್ಡಿ ಗೀರಿದರೆ ಎಂಬ ಭಯದಿಂದ ಇದನ್ನು ಬರೆಯುತ್ತಿದ್ದೇನೆ.

ಬೂದಿಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ, ರಂಜಕ ಇರುವುದು ನಿಜ. ಮಣ್ಣಿನ ಹುಳಿಯೂ ಸ್ವಲ್ಪ ಕಾಲ ಕಡಿಮೆಯಾಗುತ್ತದೆ. ಆದರೆ ಶಾಖ ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಾರಜನಕ ಅನಿಲವಾಗಿ ಹಾರಿಹೋಗತೊಡಗುತ್ತದೆ. 450ರ ಹೊತ್ತಿಗೆ ಮಣ್ಣಿನ ಸಾವಯವ ಅಂಶ ಬಹುತೇಕ ಸುಟ್ಟಿರುತ್ತದೆ. ಮಣ್ಣಿನ ಜೀವಿಗಳಂತೂ ಇದಕ್ಕಿಂತ ತುಂಬಾ ಕಡಿಮೆ ಶಾಖಕ್ಕೇ ಸಾಯುತ್ತವೆ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ. ತರಗೆಲೆ ಉರಿಯುವಾಗ ಅದರಲ್ಲಿನ ಮೇಣದಂಥ ವಸ್ತು ಆವಿಯಾಗಿ ಕೆಳಗಿಳಿದು, ತಂಪಾದ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಅಲ್ಲಿ ನೀರು ಸುಲಭವಾಗಿ ಇಂಗುವುದಿಲ್ಲ. ಮೇಲೆ ಹೊದಿಕೆಯೂ ಇಲ್ಲ ಅಲ್ವಾ? ಜೋರು ಮಳೆ ಬಂದರೆ ಬೂದಿಯ ಜೊತೆ ಮೇಲ್ಮಣ್ಣೂ ಕೊಚ್ಚಿಹೋಗುತ್ತದೆ.

ಹಾಗಂತ ಎಲ್ಲ ಬೆಂಕಿಯೂ ಒಂದೇ ಅಲ್ಲ. ತಿಳಿದವರು ತೇವ ಮತ್ತು ಗಾಳಿ ನೋಡಿ ಹಾಕುವ ನಿಯಂತ್ರಿತ ಬೆಂಕಿ ಬೇಗ ಸಾಗುತ್ತದೆ. ಮಣ್ಣಿನಲ್ಲಿ ಶಾಖ ಸುಲಭವಾಗಿ ಇಳಿಯುವುದಿಲ್ಲ. ಹಾಗಾಗಿ ಕೆಲವು ಸೆಂಟಿಮೀಟರ್ ಕೆಳಗೆ ಬೇರು, ಬೀಜ ಸಾಮಾನ್ಯವಾಗಿ ಉಳಿಯುತ್ತವೆ. ಒಣಗಿದ ದಪ್ಪ ದಿಮ್ಮಿಗಳು ಗಂಟೆಗಟ್ಟಲೆ ಕೆಂಡವಾಗಿ ಉರಿದ ಜಾಗದಲ್ಲೇ ಹಾನಿ ಜಾಸ್ತಿ.