ಮಾರ್ಚ್ 31ರ ಗಾರೆ

ಹಳೇ ಕೋಟೆ ಗೋಡೆಗೆ 'ಪಾರಂಪರಿಕ ಮೆರುಗು' ಸಿಕ್ಕಿದ ಫೋಟೋ ಈ ಸಲವೂ ಪೇಪರಿನಲ್ಲಿ ಬಂದಿದೆ, ನೋಡಿಯೇ ಇರುತ್ತೀರಿ. ಕೆಂಪು ಜಂಬಿಟ್ಟಿಗೆಗೆ ಬೂದು ಸಿಮೆಂಟಿನ ತೇಪೆ, ತೇಪೆ ಕಾಣಬಾರದೆಂದು ಮತ್ತೆ ಕೆಂಪು ಬಣ್ಣ, ಬಣ್ಣದ ಮೇಲೆ ಬಿಳಿ ಗೆರೆ ಎಳೆದು ಬರೆದ ಕಲ್ಲುಗಳು. ನಿಜವಾದ ಕಲ್ಲನ್ನು ಮುಚ್ಚಿ ಅದರ ಮೇಲೆ ಕಲ್ಲಿನ ಚಿತ್ರ ಬರೆಯಲು ಬರೀ ಬುದ್ಧಿ ಸಾಲದು, ಟೆಂಡರ್ ಬೇಕು.

ಮಲೆನಾಡನ್ನು ಆಳಿದ ಕೆಳದಿ ನಾಯಕರ ಕಾಲದವರಿಗೆ ಪಾಪ, ಈ ಅನುಕೂಲ ಇರಲಿಲ್ಲ. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ಅರಳಿಸಿ ವಾರಗಟ್ಟಲೆ ನೀರಿನಡಿ ಬಿಡಬೇಕಿತ್ತು. ಅವಸರ ಮಾಡಿದರೆ ಅರಳದೆ ಉಳಿದ ಹರಳು ಗೋಡೆಗೆ ಹೋಗಿ ಕೂತು ಅಲ್ಲಿ ಅರಳುತ್ತದೆ, ಗಾರೆ ಗುಳ್ಳೆ ಎದ್ದು ಸಿಡಿಯುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆಯೋ ಮೂರೋ ಪಾಲು ಮರಳು, ಗಾಣದಲ್ಲಿ ಅರೆತ, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಬೆರಳ ದಪ್ಪ ಮೀರದ ಪದರ, ಅದು ಬಿಗಿದ ಮೇಲೆ ಇನ್ನೊಂದು, ಮೇಲೆ ಒದ್ದೆ ಗೋಣಿ. ಸುಣ್ಣ ಗಾಳಿ ಕುಡಿದು ನಿಧಾನಕ್ಕೆ ಮತ್ತೆ ಕಲ್ಲಾಗಬೇಕು. ತಿಂಗಳುಗಳ ಕೆಲಸ. ನಮ್ಮಲ್ಲಿ ಹಣ ಬಿಡುಗಡೆಯಾಗುವುದು ಫೆಬ್ರವರಿಯಲ್ಲಿ, ಬಿಲ್ ಆಗಬೇಕಾದ್ದು ಮಾರ್ಚ್ 31ಕ್ಕೆ. ಸುಣ್ಣಕ್ಕೆ ಆರ್ಥಿಕ ವರ್ಷ ಗೊತ್ತಿಲ್ಲ. ಸಿಮೆಂಟಿಗೆ ಗೊತ್ತು.

ಹಳೇದರ ಹೆಸರಿನ ಮೇಲೆ ಮಾತ್ರ ನಮಗೆ ಯಾವಾಗಲೂ ಪ್ರೀತಿ. ಶಿವಮೊಗ್ಗದಲ್ಲಿ ತುಂಗೆಯ ದಡದ ಅರಮನೆಗೆ ಶಿವಪ್ಪನಾಯಕನ ಹೆಸರಿದೆ. ಕಟ್ಟಿದ್ದು ಹೈದರಾಲಿಯ ಕಾಲದಲ್ಲಿ ಅನ್ನುತ್ತಾರೆ, ಅಂದರೆ ನಾಯಕ 1660ರಲ್ಲಿ ತೀರಿಕೊಂಡು ಸುಮಾರು ನೂರು ವರ್ಷವಾದ ಮೇಲೆ. ಇನ್ನು ಆ ನಾಯಕರ ರಾಜಧಾನಿಯಾಗಿದ್ದ ಬಿದನೂರು. ಸಂಸ್ಕೃತ ಬಲ್ಲವರ ಬಾಯಲ್ಲಿ ವೇಣುಪುರವಾಯಿತು, 1763ರಲ್ಲಿ ಹೈದರ್ ಗೆದ್ದು ಹೈದರ್‌ನಗರ ಮಾಡಿದ, ಸವೆದು ಸವೆದು ಕೊನೆಗೆ ನಗರವಾಯಿತು. ಹೆಸರು ನಗರ, ಇರುವುದು ಹಳ್ಳಿ. ಈ ಸೀಮೆಯ ಮೆಣಸು ಎತ್ತಿನ ಬೆನ್ನೇರಿ ಘಟ್ಟ ಇಳಿದು ಕರಾವಳಿಯ ಬಂದರುಗಳಿಗೆ ಹೋಗುತ್ತಿತ್ತು. 1650ರ ದಶಕದಲ್ಲಿ ಹೊನ್ನಾವರ, ಬಸರೂರುಗಳಿಂದ ಪೋರ್ಚುಗೀಸರನ್ನು ಎಬ್ಬಿಸಿದವನು ಇದೇ ಶಿವಪ್ಪನಾಯಕ. ಪೋರ್ಚುಗೀಸರನ್ನು ಓಡಿಸಿದವನಿಗೂ ಪೋರ್ಟ್‌ಲೆಂಡ್ ಸಿಮೆಂಟನ್ನು ಓಡಿಸುವುದು ಕಷ್ಟವಿತ್ತು. ಅದು 50 ಕೆ.ಜಿ. ಚೀಲದಲ್ಲಿ, ಮಂಜೂರಾತಿ ಪತ್ರದ ಜೊತೆ ಬರುತ್ತದೆ.

ಜಂಬಿಟ್ಟಿಗೆ ತೂತು ತೂತಿನ ಕಲ್ಲು. ಮಳೆಯಲ್ಲಿ ನೀರು ಕುಡಿಯುತ್ತದೆ, ಬಿಸಿಲಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಇದಕ್ಕೆ ಅಡ್ಡ ಬರುವುದಿಲ್ಲ. ಸಿಮೆಂಟು ಬಾಗಿಲು ಹಾಕಿಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿಯುವ ಮಳೆ ಗೋಡೆಯ ತಲೆಯಿಂದಲೋ ಬುಡದಿಂದಲೋ ಒಳಗೆ ಹೋಗಿಯೇ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ಕಲ್ಲು ಮೆತ್ತಗಾಗಿ, ಉಪ್ಪು ಹೂವಿನಂತೆ ಎದ್ದು, ತೇಪೆ ಹಲಗೆ ಹಲಗೆಯಾಗಿ ಕಳಚುತ್ತದೆ. ಹೋಗುವಾಗ ಕಲ್ಲಿನ ಮುಖವನ್ನೂ ಕಿತ್ತುಕೊಂಡೇ ಹೋಗುತ್ತದೆ. ಹಳೇ ಕೇರಿಯ ತೊಟ್ಟಿಮನೆಗಳದ್ದು ಇನ್ನೊಂದು ಗೋಳು: ತೊಲೆಯ ತುದಿ ಗೋಡೆಯಲ್ಲಿ ಕೂತ ಜಾಗವನ್ನು ಸಿಮೆಂಟಲ್ಲಿ ಮುಚ್ಚಿದರೆ ಮರ ಅಲ್ಲೇ ಬೆವರಿ ಕೊಳೆಯುತ್ತದೆ. ಹೊರಗೆ ಗಟ್ಟಿ ತೊಲೆ, ಒಳಗೆ ಗೆದ್ದಲಿನ ಸಂಸಾರ. ಆಮೇಲೆ 'ಶಿಥಿಲ ಕಟ್ಟಡ' ಎಂಬ ಬೋರ್ಡು, ಅದರ ಹಿಂದೆಯೇ ಜೆಸಿಬಿ.

ಇದೇನು ಯಾರಿಗೂ ಗೊತ್ತಿಲ್ಲದ ಗುಟ್ಟೇ? ಓದಿದ ಎಂಜಿನಿಯರಿಗೂ ಗೊತ್ತು, ಓದದ ಗಾರೆಯವನಿಗೂ ಗೊತ್ತು. ಗೊತ್ತಿದ್ದೂ ಮಾಡುತ್ತಾರೆ. ಮುನ್ನೂರು ಮಳೆಗಾಲ ತಡೆದ ಗೋಡೆಯನ್ನು ಬೀಳಿಸಲು ನಾವೇ ದುಡ್ಡು ಕೊಟ್ಟು, ನಾವೇ ಹೋಗಿ ಚಪ್ಪಾಳೆ ಹೊಡೆದು ಬರುತ್ತೇವೆ. ನಗುವುದಕ್ಕೂ ಸುಸ್ತಾಗಿದೆ.

ಸೆಲ್ಫಿ ಪಾಯಿಂಟಿಗೆ ಹೋದರೆ ತೇಪೆಯ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಕ್ ಅಂದರೆ ಇನ್ನೂ ಅಂಟಿಕೊಂಡಿದೆ. ಡಬ್ ಅಂದರೆ ಹಿಂದೆ ಟೊಳ್ಳು. ಆ ಕಡೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯಬೇಡಿ. ಬುಡದ ಒಂದೆರಡು ಅಡಿಯಲ್ಲಿ ಬಣ್ಣ ಆಗಲೇ ಹಪ್ಪಳದಂತೆ ಎದ್ದಿದ್ದರೆ ಗಾಬರಿ ಬೇಡ. ಮುಂದಿನ ಮಾರ್ಚಿಗೆ ಅಲ್ಲಿಗೆ ಟೈಲ್ಸ್ ಬರುತ್ತದೆ.