ಸೊಂಟ ನೋವಿಗೆ ಬೆಲ್ಟ್ ಕೊಟ್ಟು ಕೈತೊಳೆದುಕೊಳ್ಳಬೇಡಿ

ಹೊಸೂರಿನ ಫ್ಯಾಕ್ಟರಿಗಳಿಗೆ ತಳಿ, ಡೆಂಕಣಿಕೋಟೆ ಕಡೆಯಿಂದ ನಮ್ಮ ಹುಡುಗರು ತುಂಬಾ ಜನ ಬರ್ತಾರೆ. ಮೂವತ್ತು ದಾಟಿರಲ್ಲ, ಆಗಲೇ ಸೊಂಟ ಹಿಡಿದುಕೊಂಡು ಬಸ್ ಇಳಿಯುತ್ತಾರೆ. ಕಂಪನಿಯವರನ್ನು ಕೇಳಿದರೆ "ಸರಿಯಾಗಿ ಬಗ್ಗೋಕೆ ಬರಲ್ಲ, ಈಗಿನವರಿಗೆ ಶಕ್ತಿ ಎಲ್ಲಿದೆ" ಅನ್ನೋ ಮಾತು. ನನಗೆ ನಿಜಕ್ಕೂ ಸಿಟ್ಟು ಬರುತ್ತೆ.

ನಾನು ಕೆಲಸ ಮಾಡಿದ ಒಂದು ಕಡೆ ಎರಕದ ಪೀಸ್‌ಗಳು ನೆಲದ ಮೇಲಿಟ್ಟ ಕಬ್ಬಿಣದ ಬಿನ್‌ನಲ್ಲಿ ಬರುತ್ತಿದ್ದವು. ಬಿನ್ ತುಂಬಿದ್ದಾಗ ಅಷ್ಟೇನೂ ಕಷ್ಟ ಇಲ್ಲ. ಅರ್ಧ ಖಾಲಿಯಾದ ಮೇಲೆ ಶುರು. ಅಂಚಿಗೆ ಹೊಟ್ಟೆ ಒತ್ತಿ, ಪೂರ್ತಿ ಬಗ್ಗಿ, ತಳದಲ್ಲಿರೋ ಪೀಸನ್ನು ಒಂದೇ ಕೈಯಲ್ಲಿ ಮೇಲೆತ್ತಬೇಕು. ಎತ್ತಿದ್ದನ್ನು ಹಾಗೇ ಸೊಂಟ ತಿರುಗಿಸಿ ಮೆಷಿನ್ನಿಗೆ ಕೂರಿಸಬೇಕು. ಗೋಡೆ ಮೇಲೆ "ಮಂಡಿ ಬಗ್ಗಿಸಿ ಎತ್ತಿ" ಅಂತ ಪೋಸ್ಟರ್ ಇತ್ತು. ಬಿನ್ ಅಡ್ಡ ಇರುವಾಗ ಮಂಡಿ ಎಲ್ಲಿ ಬಗ್ಗಿಸೋದು?

ಎಷ್ಟು ಭಾರ ಎತ್ತಿದರೆ ಸೊಂಟಕ್ಕೆ ಸುರಕ್ಷಿತ ಅನ್ನೋದಕ್ಕೆ, ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯೋಶ್ (NIOSH) ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಒಂದು ಲೆಕ್ಕ ಇದೆ. ಭಾರ ಮೈಗೆ ಹತ್ತಿರ ಇದ್ದು, ಸೊಂಟದ ಹತ್ತಿರದ ಎತ್ತರದಲ್ಲಿದ್ದು, ತಿರುಗದೆ, ಅಪರೂಪಕ್ಕೆ ಎತ್ತಿದರೂ ಮಿತಿ 23 ಕಿಲೋ. ಎತ್ತುವಾಗ ಕೈಗಳು ಪಾದದ ಗಿಣ್ಣಿನಿಂದ 50 ಸೆಂಟಿಮೀಟರ್ ಮುಂದೆ ಹೋದರೆ ಆ ಮಿತಿ ಅರ್ಧಕ್ಕೇ ಇಳಿಯುತ್ತೆ. ನೆಲಮಟ್ಟದಿಂದ ಎತ್ತಿದರೆ, ತಿರುಗಿದರೆ, ಪದೇ ಪದೇ ಎತ್ತಿದರೆ ಇನ್ನೂ ಕಡಿಮೆ. ಅಂದರೆ ಪೀಸಿನ ತೂಕ ನೋಡಿ "ಇಷ್ಟೇನಾ" ಅನ್ನೋದು ತಪ್ಪು. ಬೆಲ್ಟ್ ಹಾಕಿದರೆ ನೋವು ಬರಲ್ಲ ಅನ್ನೋಕೆ ಸಾಕಷ್ಟು ಆಧಾರ ಇಲ್ಲ ಅಂತಲೂ ಅದೇ ಸಂಸ್ಥೆ 1994ರಲ್ಲೇ ಹೇಳಿದೆ.

ಬದಲಾಗಬೇಕಾದ್ದು ಬಿನ್ ಇಡುವ ಎತ್ತರ. ಖಾಲಿಯಾದ ಹಾಗೆ ಮೇಲೇರುವ ಸ್ಪ್ರಿಂಗ್ ಟೇಬಲ್ ಸಿಗುತ್ತೆ. ದುಡ್ಡು ಜಾಸ್ತಿ ಅಂದರೆ ಒಂದು ಸ್ಟ್ಯಾಂಡ್ ವೆಲ್ಡ್ ಮಾಡಿಸಿ, ಬಿನ್ನಿನ ಒಂದು ಬದಿ ತೆರೆಯೋ ಹಾಗೆ ಮಾಡಿ. ಗಾಯವಾಗುವಷ್ಟು ಭಾರ ಎತ್ತಿಸಬಾರದು ಅಂತ 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್ನೇ ಹೇಳಿತ್ತು, ಅಲ್ವಾ?

ಇಎಸ್‌ಐ ಇದ್ದವರಿಗೆ ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಸಿಗುತ್ತೆ. ಆದರೂ ಕಾಂಟ್ರಾಕ್ಟ್ ಹುಡುಗ ರಜೆ ಹಾಕಲ್ಲ. ವಾಪಸ್ ಬರುವಷ್ಟರಲ್ಲಿ ಅವನ ಜಾಗದಲ್ಲಿ ಬೇರೆಯವನು ಇರ್ತಾನೆ ಅನ್ನೋ ಭಯ. ಮುಲಾಮು ಹಚ್ಚಿ, ಮಾತ್ರೆ ನುಂಗಿ ನೈಟ್ ಶಿಫ್ಟಿಗೆ ಹೋಗ್ತಾನೆ.

ತಮ್ಮಂದಿರಾ, ಸಾಮಾನ್ಯ ನೋವಿಗೆ ವಾರಗಟ್ಟಲೆ ಮಲಗಬೇಡಿ, ಆದಷ್ಟು ಓಡಾಡ್ತಾ ಇರಿ. ಆದರೆ ತೊಡೆ ಸಂದಿಯಲ್ಲಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಶಿಫ್ಟ್ ಮುಗಿಯಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ.